ಹೊರಗೆ ಒಯ್ಯಬಾರದು

ಅಧಿಕಾರ ಕೈಗೆ ಬಂದರೆ ಮನುಷ್ಯನ ತಲೆ ತಿರುಗುತ್ತದೆ ಎನ್ನುತ್ತಾರೆ. ಬನಹಟ್ಟಿಯ ಪರಮಾನಂದನಿಗೆ ಅಧಿಕಾರ ಕೈಗೆ ಬರಲಿಲ್ಲ, ಸೊಂಟಕ್ಕೆ ಬಂತು. ಹನ್ನೊಂದು ಚಾವಿಗಳ ಗೊಂಚಲು ಅದು. ಅದರಲ್ಲಿ ಎರಡು ಚಾವಿಗೆ ಮಾತ್ರ ಬೀಗಗಳಿದ್ದವು. ಉಳಿದ ಒಂಬತ್ತರ ಕೀಲಿಗಳು ಯಾವ ಕಾಲದಲ್ಲಿ ಎಲ್ಲಿ ಹೋದವೋ ದೇವರೇ ಬಲ್ಲ. ಹಾಗಂತ ಬರೀ ಎರಡು ಚಾವಿ ಸಿಕ್ಕಿಸಿಕೊಂಡು ತಿರುಗಿದರೆ ಯಾರಾದರೂ ಮರ್ಯಾದೆ ಕೊಡುತ್ತಾರೆಯೇ? ಆದ್ದರಿಂದ ನೂಲಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದ ಈ ಐವತ್ತು ವರ್ಷದ ಗೃಹಸ್ಥ ಹನ್ನೊಂದನ್ನೂ ಕಟ್ಟಿಕೊಂಡು, ಚರ್ಚಿನ ಹಾಲ್‌ನ ಹೊಸ ಉಸ್ತುವಾರಿಯಾಗಿ, ಓಣಿಯ ತುಂಬ ಜುಣುಜುಣು ಎಂದು ಓಡಾಡತೊಡಗಿದ.

"ಛಲೋ ಆತು," ಎಂದಳು ಹೆಂಡತಿ ರಾಜಶ್ರೀ. "ಇನ್ನ ನೀವು ಎಲ್ಲಿ ಹೋಗೀರಿ ಅಂತ ಹುಡುಕೂ ತ್ರಾಸ ಇಲ್ಲ. ಎತ್ತಿನ ಕೊಳ್ಳಾಗಿನ ಗಂಟಿ ಕೇಳಿದಂಗ ಕೇಳತೈತಿ."

ಬನಹಟ್ಟಿಯ ಆ ಚರ್ಚು ದೊಡ್ಡದೇನಲ್ಲ. ಮೂವತ್ತು ಮನೆಯ ಜನ ಭಾನುವಾರ ಬಂದು ಕೂತರೆ ತುಂಬಿಹೋಗುತ್ತದೆ. ಆದರೆ ಅದರ ಮಗ್ಗುಲಿನ ಹಾಲ್ ಚರ್ಚಿಗಿಂತ ದೊಡ್ಡದು, ಮತ್ತು ಅದು ಚರ್ಚಿನದು ಎನ್ನುವುದು ಓಣಿಯ ಅರ್ಧ ಜನರಿಗೆ ಮರೆತೇ ಹೋಗಿತ್ತು. ಮುಂಜಾನೆ ಅಲ್ಲಿ ಅಂಗನವಾಡಿಯ ಕೂಸುಗಳು ಅಳುತ್ತಿದ್ದವು. ಮಧ್ಯಾಹ್ನ ಹೆಣ್ಣುಮಕ್ಕಳು ಹೊಲಿಗೆ ಕಲಿಯುತ್ತಿದ್ದರು. ಸಂಜೆ ಮಗ್ಗ ನಿಲ್ಲಿಸಿದ ನೇಕಾರರು ಬಂದು ಭಜನೆ ಮಾಡಿ, ಹಾರ್ಮೋನಿಯಂ ಅಲ್ಲೇ ಮೂಲೆಗಿಟ್ಟು ಹೋಗುತ್ತಿದ್ದರು. ಮದುವೆ, ತೊಟ್ಟಿಲ ಶಾಸ್ತ್ರ, ಹಲ್ಲಿನ ಡಾಕ್ಟರರ ಶಿಬಿರ, ಎಲ್ಲವೂ ಅಲ್ಲೇ. ಹಾಲ್‌ನ ಹಿಂದೆ ಒಂದು ಭಾಂಡೆ ಕೋಣೆ. ಓಣಿಯಲ್ಲಿ ಯಾರ ಮನೆಯಲ್ಲಿ ಊಟವಿದ್ದರೂ ಹಂಡೆ, ಗಂಗಾಳ, ಸೌಟು ಅಲ್ಲಿಂದಲೇ ಹೋಗಬೇಕು.

ಈ ಸಾಮ್ರಾಜ್ಯವನ್ನು ಇಪ್ಪತ್ತಾರು ವರ್ಷ ನೋಡಿಕೊಂಡವರು ಸಾತಪ್ಪ ಕಾಕಾ. ಕಣ್ಣಿಗೆ ಪೊರೆ ಬಂದು, ಆಪರೇಶನ್ನಿಗೆಂದು ಮುಧೋಳದ ಮಗಳ ಮನೆಗೆ ಹೊರಡುವ ದಿನ ಅವರು ಗೊಂಚಲನ್ನೂ ಒಂದು ಜಿಡ್ಡುಗಟ್ಟಿದ ಕಿಸೆಪುಸ್ತಕವನ್ನೂ ಪರಮಾನಂದನ ಕೈಗಿಟ್ಟು, "ಒಳಗ ಎಲ್ಲಾ ಐತಿ, ಎಲ್ಲಾರದೂ ಐತಿ. ಕೇಳಿದವ್ರಿಗೆ ತಗದು ಕೊಡು, ತಂದವ್ರದು ತಗೊಂಡು ಇಡು. ಇಷ್ಟs ನೋಡಪಾ ಕೆಲಸ," ಎಂದಿದ್ದರು.

ಪರಮಾನಂದ ತಿಳಿದವನಂತೆ ತಲೆ ಅಲ್ಲಾಡಿಸಿದ. ತಿಳಿಯದ ಮಾತಿಗೆ ತಲೆ ಅಲ್ಲಾಡಿಸುವುದೇ ಈ ಮಹಾನುಭಾವನ ಬದುಕಿನ ಮುಕ್ಕಾಲು ಕಷ್ಟಕ್ಕೆ ಮೂಲ.

ಕಿಸೆಪುಸ್ತಕದಲ್ಲಿ ಚರ್ಚಿನ ಹಳೆಯ ಸಾಮಾನಿನ ನಾಲ್ಕು ಸಾಲು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅದರಲ್ಲೊಂದು ಸಾಲು ಪರಮಾನಂದನ ನಿದ್ದೆ ಕೆಡಿಸಿತು. "ಹಿತ್ತಾಳೆ ತಂಬಿಗೆ ಇಪ್ಪತ್ನಾಲ್ಕು. ಒಳಗೆ ಇಪ್ಪತ್ಮೂರು, ಹೊರಗೆ ಒಂದು." ಪಕ್ಕದಲ್ಲಿ ಹೊಳೆ ಬಂದ ವರ್ಷದ ತಾರೀಖು. ಆ ವರ್ಷ ಕೃಷ್ಣೆ ಆಸಂಗಿ ಊರೊಳಗೆ ನುಗ್ಗಿ, ಅಲ್ಲಿಯ ಹದಿನೇಳು ಮನೆಯ ಜನ ಇಪ್ಪತ್ತೊಂದು ದಿನ ಈ ಹಾಲ್‌ನಲ್ಲಿ ಇದ್ದು ಹೋಗಿದ್ದರು. ಪರಮಾನಂದ ಮೂರು ಸಲ ಎಣಿಸಿದ. ಇಪ್ಪತ್ಮೂರೇ.

"ನೋಡಿದೇನ," ಎಂದ ಹೆಂಡತಿಗೆ. "ಇಷ್ಟ ವರ್ಷ ಚಾವಿ ಹಿಡದು ಒಂದು ತಂಬಿಗಿ ಕಳದಾರ. ಯಾಕ? ಹೆಸರಿಲ್ಲ. ಹೆಸರಿಲ್ಲದ ಭಾಂಡೆ ಅಂದ್ರ ಹಗ್ಗಿಲ್ಲದ ದನ ಇದ್ದಂಗ."

ಅದೇ ವಾರ ಚರ್ಚುಗಳ ಮೇಲಿನ ಕಮಿಟಿಯಿಂದ ಪತ್ರ ಬರಬೇಕೇ? ಪ್ರತಿಯೊಂದು ಸಭೆಯೂ ತನ್ನ ಕಟ್ಟಡ ಮತ್ತು ಸಾಮಾನಿನ ಪಟ್ಟಿ ಮಾಡಿ, ಗುರುತು ಹಾಕಿ, ತಿಂಗಳೊಳಗೆ ಕಳಿಸತಕ್ಕದ್ದು; ದೇವರು ಕೊಟ್ಟದ್ದಕ್ಕೆ ನಾವು ನಂಬಿಗಸ್ತ ಮನೆವಾರ್ತೆಯವರಾಗಿರಬೇಕು. ಮನೆವಾರ್ತೆಯವನು, ಅಂದರೆ ಧಣಿಯ ಆಸ್ತಿಯನ್ನೆಲ್ಲ ನೋಡಿಕೊಳ್ಳುವವನು! ಆ ಶಬ್ದ ಪರಮಾನಂದನಿಗೆ ಬಹಳ ಹಿಡಿಸಿತು. ಗುಮಾಸ್ತ ಎನ್ನುವುದಕ್ಕಿಂತ ಎಷ್ಟೋ ತೂಕವಿದೆ. ಮರುದಿನವೇ ಪೇಟೆಗೆ ಹೋಗಿ ಭಾಂಡೆ ಅಂಗಡಿಯ ಸಾಬಣ್ಣನನ್ನು ಅವನ ಹೆಸರು ಕೊರೆಯುವ ಮಷೀನಿನ ಸಮೇತ ಕರೆತಂದ. ಸಾಬಣ್ಣನ ಮಗಳ ತೊಟ್ಟಿಲು ಇದೇ ಹಾಲ್‌ನಲ್ಲಿ ಆಗಿದ್ದರಿಂದ ಅವನು ಇಲ್ಲ ಎನ್ನಲಿಲ್ಲ.

"ಏನಂತ ಹಾಕ್ಲಿ? ‘ಬ.ಚ.’ ಅಂತ ಎರಡಕ್ಷರ ಸಾಕಲ್ಲರಿ?"

"ಎರಡಕ್ಷರ ಓದಿ ಯಾವ ಕಳ್ಳ ಹೆದರತಾನ? ಪೂರಾ ಹಾಕು. ‘ಬನಹಟ್ಟಿ ಚರ್ಚಿನ ಸ್ವತ್ತು. ಹೊರಗೆ ಒಯ್ಯಬಾರದು.’ ಓದಿದವ್ರ ಎದಿ ಝಲ್ ಅನಬೇಕು."

"ಸೌಟಿನ ಮ್ಯಾಲ ಇಷ್ಟುದ್ದ ಹಿಡ್ಯೂದುಲ್ರಿ."

"ಸುತ್ತ ಹಾಕು."

ಎರಡು ದಿನ ಭಾಂಡೆ ಕೋಣೆಯಿಂದ ಗುರ್ರ್ ಎಂದು ಸದ್ದು ಬರುತ್ತಿತ್ತು. ಹಂಡೆ, ಪರಾತ, ಗಂಗಾಳ, ಸೌಟು ಎಲ್ಲಕ್ಕೂ ಹೆಸರು ಬಿತ್ತು. ತಂಬಿಗೆಗಳ ಸರದಿ ಬರುವ ಮೊದಲು, ಮೂಲೆಯಲ್ಲಿ ಬಿಳಿ ಚಾದರ ಮುಚ್ಚಿದ್ದ ಒಂದು ರಾಶಿ ಕಣ್ಣಿಗೆ ಬಿತ್ತು. ಚಾದರ ಸರಿಸಿದರೆ ಹೊಚ್ಚ ಹೊಸ ಸ್ಟೀಲು. ಎರಡು ಕೊಡ, ಒಂದು ಹಂಡೆ, ದೊಡ್ಡದರಿಂದ ಸಣ್ಣದರವರೆಗೆ ಒಂಬತ್ತು ಡಬ್ಬಿ, ಗಂಗಾಳ, ವಾಟಗದ ಬಟ್ಟಲು, ಚಹಾದ ಸೋಸಣಿಗೆಯವರೆಗೆ ಅರವತ್ತೊಂದು ಸಾಮಾನು.

ಚಹಾ ತಂದ ರಾಜಶ್ರೀ ಅಲ್ಲೇ ನಿಂತಳು. "ಏನ್ರಿ, ಇವು ನಮ್ಮ ಚರ್ಚಿಗೆ ಯಾವಾಗ ಬಂದ್ವು? ಸಾತಪ್ಪ ಕಾಕಾಗ ಒಂದು ಮಾತು ಕೇಳ್ರಿ."

ಪರಮಾನಂದ ಸಣ್ಣಗೆ ನಕ್ಕ. ಅವನಿಗೆ ಎಲ್ಲ ಹೊಳೆದಿತ್ತು. "ಏ ರಾಜಶ್ರೀ, ದೇವರ ವಾಕ್ಯದಾಗ ಏನೈತಿ? ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು. ನಮ್ಮ ಸಭಾದಾಗ ಯಾರೋ ಪುಣ್ಯಾತ್ಮರು ಗುಪ್ತದಾನ ಮಾಡ್ಯಾರ. ಸಾಬಣ್ಣ, ಇವಕ್ಕೂ ಹಾಕು. ಚೆಂದಂಗ ಹಾಕು."

ಸಾಬಣ್ಣ ಚೆಂದಾಗಿಯೇ ಹಾಕಿದ. ಸೋಸಣಿಗೆಯ ಹಿಡಿಕೆಗೂ ಹಾಕಿದ. ಅಷ್ಟರಲ್ಲಿ ಮಷೀನು ಕಾದು ಹೊಗೆ ಬಂದದ್ದರಿಂದ ಹಿತ್ತಾಳೆ ತಂಬಿಗೆಗಳು ಮಾತ್ರ ಹಾಗೆಯೇ ಉಳಿದವು.

ಭಾನುವಾರ ಆರಾಧನೆ ಮುಗಿದ ಮೇಲೆ ಪರಮಾನಂದ ಎದ್ದು ನಿಂತು, ಹೆಸರು ಬಯಸದ ಆ ದಾನಿಯನ್ನು ದೇವರು ನೂರ್ಮಡಿ ಆಶೀರ್ವದಿಸಲಿ ಎಂದು ಕಣ್ಣು ಮುಚ್ಚಿ ಬೇಡಿದ. ಕಣ್ಣು ತೆರೆದು ನೋಡಿದರೆ ಸಭೆಯಲ್ಲಿ ನಾಲ್ವರು ತಲೆ ಬಗ್ಗಿಸಿ ನಾಚಿ ಕೂತಿದ್ದರು. ನಾಲ್ವರನ್ನೂ ಜನ ಗೌರವದಿಂದ ನೋಡಿದರು. ನಾಲ್ವರಲ್ಲಿ ಒಬ್ಬರೂ ನಾನಲ್ಲ ಎನ್ನಲಿಲ್ಲ. ಗುಪ್ತದಾನದ ಮಹಿಮೆಯೇ ಅಂಥದ್ದು, ಮಾಡದವರಿಗೂ ಪಾಲು ಸಿಗುತ್ತದೆ.

ಸೋಮವಾರ ಮುಂಜಾನೆ ಪರಮಾನಂದ ಚಹಾ ಕುಡಿಯುತ್ತಿದ್ದಾಗ ಎದುರು ಮನೆಯ ತಾಯವ್ವ ಕಟ್ಟೆಗೆ ಬಂದು ಕೂತಳು. ತಾಯವ್ವ ಚರ್ಚಿನವಳಲ್ಲ, ನೇಕಾರರ ಪೈಕಿ. ಅವಳ ಮನೆಯಲ್ಲಿ ಎರಡು ಪವರ್‌ಲೂಮು; ಅವು ಕೂತ ಮೇಲೆ ಉಳಿದ ಜಾಗದಲ್ಲಿ ಮೂರು ಜನ ಮಗ್ಗುಲಾಗಿ ಮಲಗಬೇಕು, ಅಂಗಾತ ಮಲಗಿದರೆ ಒಬ್ಬರು ಹೊರಗೆ. ಅವಳ ಮಗಳು ಅಂಜನಾಳ ಮದುವೆ ಬರುವ ಗುರುವಾರ ಇದೇ ಹಾಲ್‌ನಲ್ಲಿ ನಡೆಯುವುದಿತ್ತು. ಗಂಡು ಆಸಂಗಿಯ ಹಣಮಂತ. ಹೊಳೆ ಬಂದಾಗ ಹಾಲ್‌ನಲ್ಲಿದ್ದ ಜನರಿಗೆ ತಾಯವ್ವ ದಿನಾ ರೊಟ್ಟಿ ಬಡಿದು ತರುತ್ತಿದ್ದಳು, ಬುಟ್ಟಿ ಹೊತ್ತು ಅಂಜನಾ ಬರುತ್ತಿದ್ದಳು, ಬುಟ್ಟಿ ಇಳಿಸಿಕೊಳ್ಳಲು ಯಾವಾಗಲೂ ಹಣಮಂತನೇ ಏಳುತ್ತಿದ್ದ. ಆಗಿನ ಪರಿಚಯ ಈಗ ಮದುವೆಯ ಅಕ್ಕಿಕಾಳಿಗೆ ಬಂದಿತ್ತು.

"ತಮ್ಮಾ, ಭಾಂಡೆ ಕ್ವಾಣಿ ಚಾವಿ ಕೊಡು," ಎಂದಳು ತಾಯವ್ವ. "ನಮ್ಮ ಅಂಜನಾನ ಮದವಿ ಭಾಂಡೆ ತಗೀಬೇಕು."

ಪರಮಾನಂದ ಚಹಾದ ಕಪ್ಪು ಕೆಳಗಿಟ್ಟ.

"ಯಾವ... ಯಾವ ಭಾಂಡೆ ಯಕ್ಕಾ?"

"ಹೊಸಾವು. ಚಾದರ ಮುಚ್ಚಿ ಇಟ್ಟೇನಿ. ಮನ್ಯಾಗ ಜಾಗ ಎಲ್ಲೈತಿ ಹೇಳು? ಸಾತಪ್ಪ ಕಾಕಾಗ ಹೇಳೇ ಇಟ್ಟಿದ್ನಿ, ಅವ್ರು ನಿನಗ ಹೇಳಿರಬೇಕಲ್ಲ. ನಮ್ಮ ತಮ್ಮ ಶಿವಯೋಗೆಪ್ಪ ಕೊಡಸ್ಯಾನ. ಸ್ವಾದರ ಮಾವ ಅಲ್ಲ? ನಾಳಿ ಚಿಮ್ಮಡದಿಂದ ಬರ್ತಾನ, ಹೆಸರು ಹಾಕ್ಸಾಕ."

ಹೆಸರು ಹಾಕಿಸಲು! ಪರಮಾನಂದನ ಕಾಲು ನಡುಗಿದವು. ಕಾಲು ನಡುಗಿದರೆ ಸೊಂಟ ನಡುಗಬೇಕು, ಸೊಂಟ ನಡುಗಿದರೆ ಗೊಂಚಲು ಸುಮ್ಮನಿರುತ್ತದೆಯೇ?

"ಚಾವಿ ಸಿಗವಲ್ದು ಯಕ್ಕಾ," ಎಂದ.

"ಮತ್ತ ಸೊಂಟದಾಗ ಜುಣುಜುಣು ಅನ್ನಾಕತ್ತದ್ದು ಏನು?"

"ಇವು ಬ್ಯಾರೆ ಚಾವಿ. ಇವಕ್ಕ ಕೀಲೀನ ಇಲ್ಲ." ಒಂಬತ್ತರ ಮಟ್ಟಿಗೆ ಅದು ಖರೆಯೇ ಆಗಿತ್ತು.

ತಾಯವ್ವ ಅವನ ಮುಖವನ್ನೊಮ್ಮೆ ನೋಡಿ, "ಮೈಯಾಗ ಆರಾಮ ಇಲ್ಲೇನು? ಹುಡುಕಿ ನಾಳಿ ಕೊಡು," ಎಂದು ಎದ್ದು ಹೋದಳು.

ಪರಮಾನಂದ ಮುಧೋಳಕ್ಕೆ ಫೋನು ಹಚ್ಚಿದ. ಸಾತಪ್ಪ ಕಾಕಾನ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ನಾಳೆ ಸಂಜೆವರೆಗೆ ಮಾತಾಡಿಸಬಾರದು ಎಂದಳು ಮಗಳು. ಅಲ್ಲಿಂದ ಅವನು ನೇರ ಸಾಬಣ್ಣನ ಅಂಗಡಿಗೆ ಓಡಿದ.

"ಅಳಿಸಾಕ ಬರತೈತೇನು?"

ಸಾಬಣ್ಣ ತನ್ನ ಕಸುಬಿನ ಬಗ್ಗೆ ಅಭಿಮಾನವುಳ್ಳವನು. "ಹಣ್ಯಾಗ ಬ್ರಹ್ಮ ಬರದದ್ದರ ಅಳಸಬಹುದು, ನಾ ಬರದದ್ದು ಅಳಸಾಕ ಬರೂದುಲ್ಲ. ಮೂವತ್ತು ವರ್ಷದ ಮ್ಯಾಲಿನ ಗಂಗಾಳ ತರ್ತಾರ ನನ್ನ ಕಡೆ, ತಳಾ ಹೋಗಿರತೈತಿ, ಹೆಸರು ಹೋಗಿರೂದುಲ್ಲ."

"ಮದವಿ ಹುಡುಗಿ ಭಾಂಡೆ ಅವು ಸಾಬಣ್ಣ. ಬೀಗರು ಓದಿದ್ರ ಏನಂತಾರ? ಹೆಣ್ಣಿನ ಮನ್ಯಾವ್ರು ಚರ್ಚಿನ ಭಾಂಡೆ ಕದ್ದು ಕೊಟ್ಟಾರ ಅಂತಾರ. ಮದವಿ ಮುರದ್ರ?"

ಸಾಬಣ್ಣ ಬಹಳ ಹೊತ್ತು ಯೋಚಿಸಿದ. "ಅಳಸಾಕ ಬರೂದುಲ್ಲ, ಕೂಡಸಾಕ ಬರತೈತಿ," ಎಂದ.

ಮಂಗಳವಾರ ಬೆಳಿಗ್ಗೆ ಹಾಲ್‌ನ ಬಾಗಿಲಿಗೆ ಒಂದು ಹಾಳೆ ಅಂಟಿತ್ತು. "ಒಳಗೆ ಕೆಲಸ ನಡೆದಿದೆ. ಯಾರೂ ಬರಬಾರದು." ಒಳಗಿನಿಂದ ಅಗಳಿ ಹಾಕಿಕೊಂಡು ಪರಮಾನಂದ ಮತ್ತು ಸಾಬಣ್ಣ ಅಂಜನಾಳ ಭಾಂಡೆಗಳ ನಡುವೆ ಕೂತಿದ್ದರು. ಹುಣಸೆಹಣ್ಣು ಆಯಿತು, ಬೂದಿ ಆಯಿತು, ಇಟ್ಟಂಗಿಪುಡಿ ಆಯಿತು. ಭಾಂಡೆ ಕನ್ನಡಿಯಂತೆ ಹೊಳೆದವು, ಅಕ್ಷರಗಳು ಇನ್ನೂ ಸ್ಪಷ್ಟವಾಗಿ ಕಂಡವು. ಕಡೆಗೆ ಸಾಬಣ್ಣ ತನ್ನ ಉಪಾಯ ತೆಗೆದ. ದೊಡ್ಡ ಹಂಡೆಯ ಮೇಲೆ ‘ಹೊರಗೆ ಒಯ್ಯಬಾರದು’ ಎಂಬುದರ ಮುಂದೆ, ಅದೇ ಸೈಜಿನಲ್ಲಿ, ‘ಅಂಜನಾ ಒಯ್ಯಬಹುದು’ ಎಂದು ಕೊರೆದ.

ಪರಮಾನಂದ ಅದನ್ನು ದೂರದಿಂದ ನೋಡಿದ, ಹತ್ತಿರದಿಂದ ನೋಡಿದ. ಮೊದಲು ಹಂಡೆ ಕದ್ದ ಮಾಲಿನಂತೆ ಕಾಣುತ್ತಿತ್ತು, ಈಗ ಪರವಾನಗಿ ತೆಗೆದುಕೊಂಡು ಕದ್ದ ಮಾಲಿನಂತೆ ಕಾಣುತ್ತಿತ್ತು.

ಅಷ್ಟರಲ್ಲಿ ಹೊರಗೆ ಜನ ಕೂಡತೊಡಗಿದ್ದರು. ಮೊದಲು ಅಂಗನವಾಡಿಯ ಟೀಚರಬಾಯಿ, ಹದಿನೆಂಟು ಕೂಸುಗಳೊಂದಿಗೆ. ಆಮೇಲೆ ಹೊಲಿಗೆಯವರು. ಆಮೇಲೆ, ಹಾರ್ಮೋನಿಯಂ ಒಳಗೆ ಉಳಿಯಿತಲ್ಲ ಎಂಬ ಚಿಂತೆಯಲ್ಲಿ ಭಜನೆಯವರು. ಕಿಟಕಿಯ ಸಂದಿನಿಂದ ಪರಮಾನಂದನಿಗೆ ಒಂದೊಂದು ಮಾತೂ ಕೇಳುತ್ತಿತ್ತು.

"ನನಗ ತಿಳದ ಮಟ್ಟಿಗೆ ಈ ಬಾಗಲಾ ಹಗಲಿನ್ಯಾಗ ಎಂದೂ ಹಾಕಿದ್ದಿಲ್ಲ," ಎಂದ ಒಬ್ಬ.

"ಮ್ಯಾಲಿಂದ ಪತ್ರ ಬಂದೈತಂತ. ಆಸ್ತಿ ಪಟ್ಟಿ ಮಾಡಾಕತ್ತಾರಂತ."

"ಪಟ್ಟಿ ಯಾಕ ಮಾಡ್ತಾರ? ಮಾರಾಕ."

ಒಳಗೆ ಸಾಬಣ್ಣನ ಮಷೀನು ಗುರ್ರ್ ಎಂದಿತು.

"ಕೇಳಿದ್ರ್ಯಾ? ಒಡ್ಯಾಕ ಸುರು ಮಾಡ್ಯಾರ."

"ಗ್ವಾಡಿ ಇರಬೇಕು."

"ಗ್ವಾಡಿ ಅಲ್ಲ, ಫರಸಿ ಕೀಳಾಕತ್ತಾರ. ಇಲ್ಲಿ ಟವರ್ ನಿಲ್ಲಸ್ತಾರಂತ, ಮೊಬೈಲಿಂದು. ನನ್ನ ಅಳಿಯ ಹೇಳಿದ."

"ಮಷೀನ್ ಬಂದ್ ಮಾಡೋ," ಎಂದು ಪರಮಾನಂದ ಒಳಗೆ ಹಲ್ಲು ಕಚ್ಚಿದ. ಮಷೀನು ನಿಂತಿತು. "ಒಡದಾತು ಕಾಣತೈತಿ," ಎಂದಿತು ಹೊರಗಿನ ಧ್ವನಿ.

ಆಮೇಲೆ ತಾಯವ್ವನ ಧ್ವನಿ ಕೇಳಿತು. ಅವಳು ಕೂಗಾಡಲಿಲ್ಲ. "ನಾಡದ್ದ ನನ್ನ ಮಗಳ ಅಕ್ಕಿಕಾಳ ಐತ್ರೆಪಾ ಇಲ್ಲಿ. ನಾ ಎಲ್ಲಿಗೆ ಹೋಗ್ಲಿ?" ಎಂದಳು ಅಷ್ಟೇ. ಪರಮಾನಂದನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮಗ್ಗುಲಲ್ಲಿದ್ದ ಹಂಡೆಯೊಳಗೆ ಇಳಿದು ಕೂರಬಹುದೇ ಎಂದು ಒಂದು ಕ್ಷಣ ಅಳತೆಯನ್ನೂ ಮಾಡಿದ. ಹೊಟ್ಟೆ ಹಿಡಿಯುವಂತಿರಲಿಲ್ಲ.

ಬಾಗಿಲು ಮೆತ್ತಗೆ ಬಡಿದ ಸದ್ದಾಯಿತು. ಯಾರೋ ಜಮಖಂಡಿಗೆ ಫೋನು ಮಾಡಿ ಪಾಸ್ಟರ್ ಅವರನ್ನು ಕರೆಸಿಬಿಟ್ಟಿದ್ದರು.

"ಪರಮಾನಂದ," ಎಂದರು ಪಾಸ್ಟರ್ ಹೊರಗಿನಿಂದ, "ಹೊಳಿ ಬಂದಾಗೂ ಈ ಬಾಗಲಾ ಹಾಕಿದ್ದಿಲ್ಲ. ಈಗ ಏನು ಬಂದೈತಿ ಹೇಳು."

ಪರಮಾನಂದ ಅಗಳಿ ತೆಗೆದ. ಜನ ಒಳಗೆ ನುಗ್ಗಿದರು. ಗೋಡೆ ನೋಡಿದರು, ನಿಂತಿತ್ತು. ನೆಲದ ಫರಸಿ ನೋಡಿದರು, ಇತ್ತು. ಭಜನೆಯವರು ಹಾರ್ಮೋನಿಯಂ ಒತ್ತಿ ನೋಡಿದರು, ಸದ್ದು ಬಂತು. ಹಾಗಾದರೆ ಬಾಗಿಲು ಯಾಕೆ ಹಾಕಿದ್ದ? ಎಲ್ಲರ ಕಣ್ಣು ಭಾಂಡೆ ಕೋಣೆಗೆ ಹೊರಳಿತು. ಚಿಮ್ಮಡದಿಂದ ಆಗಷ್ಟೇ ಬಂದಿಳಿದಿದ್ದ ಶಿವಯೋಗೆಪ್ಪ, ತಾನು ಹೆಗಲ ಮೇಲೆ ಹೊತ್ತು ತಂದುಕೊಟ್ಟ ಹಂಡೆಯನ್ನು ಗುರುತು ಹಿಡಿದು, ಬೆಳಕಿಗೆ ತಿರುಗಿಸಿ, ಊರಿಗೆಲ್ಲ ಕೇಳುವಂತೆ ಓದಿದ.

"ಬನಹಟ್ಟಿ ಚರ್ಚಿನ ಸ್ವತ್ತು. ಹೊರಗೆ ಒಯ್ಯಬಾರದು. ಅಂಜನಾ ಒಯ್ಯಬಹುದು." ಹಂಡೆ ಕೆಳಗಿಟ್ಟ. "ಏನಿದು? ನಮ್ಮ ಹುಡುಗಿ ಕಡಾ ತಂದ ಭಾಂಡೆ ತಗೊಂಡು ಗಂಡನ ಮನಿಗೆ ನಡ್ಯಾಕ ಹೊಂಟಾಳೇನು?"

ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಪರಮಾನಂದ ಪತ್ರದಿಂದ ಹಿಡಿದು ಗುಪ್ತದಾನದವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಭಾನುವಾರ ತಲೆ ಬಗ್ಗಿಸಿದ್ದ ನಾಲ್ವರೂ ಈಗ ಮೇಲೆ ನೋಡುತ್ತ ಹಾಲ್‌ನ ಜಂತಿ ಎಣಿಸತೊಡಗಿದರು.

"ಅರವತ್ತೊಂದಕ್ಕೂ?" ಎಂದು ಕೇಳಿದಳು ತಾಯವ್ವ.

"ಅರವತ್ತೊಂದಕ್ಕೂ ಯಕ್ಕಾ. ಚಹಾ ಸೋಸಣಿಗೀಗೂ."

ತಾಯವ್ವ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಬೀಗತಿಯ ಮುಂದೆ ಇವನ್ನು ಹೇಗೆ ಇಡುವುದು? ಹೊಸದಾಗಿ ತರಲು ಒಂದೇ ದಿನ ಉಳಿದಿದೆ. ಇಟ್ಟರೆ ಕದ್ದದ್ದು ಎನ್ನುತ್ತಾರೆ, ಇಡದಿದ್ದರೆ ಕೊಡಲಿಲ್ಲ ಎನ್ನುತ್ತಾರೆ. ಶಿವಯೋಗೆಪ್ಪ ಮೀಸೆಯ ಮೇಲೆ ಕೈಯಿಟ್ಟು ಪರಮಾನಂದನ ಕಡೆಗೆ ಎರಡು ಹೆಜ್ಜೆ ಬಂದ. ಗೊಂಚಲು ಜೋರಾಗಿ ಸದ್ದು ಮಾಡಿತು.

ಕೆಟ್ಟ ಗಳಿಗೆ ಎಂದೂ ಒಂಟಿಯಾಗಿ ಬರುವುದಿಲ್ಲ. ಅದೇ ಹೊತ್ತಿಗೆ, ಮದುವೆಗೆ ಕೊಳ್ಳುವಾಗ ಬಿಟ್ಟುಹೋಗಿದ್ದ ಎರಡು ಸೀರೆ ಕೊಳ್ಳಲೆಂದು ಪೇಟೆಗೆ ಬಂದ ಬೀಗತಿ ಸತ್ಯವ್ವ, ತಾಯವ್ವನ ಮನೆಯಲ್ಲಿ ಯಾರೂ ಇಲ್ಲದ್ದನ್ನು ಕಂಡು, ಹಾಲ್‌ನಲ್ಲಿ ಗದ್ದಲ ಕೇಳಿ, ಮಗ ಹಣಮಂತನ ಜೊತೆ ಒಳಗೇ ಬಂದಳು. ಯಾರೂ ದಾರಿ ತೋರಿಸಬೇಕಾಗಿರಲಿಲ್ಲ. ಇಪ್ಪತ್ತೊಂದು ದಿನ ಮಲಗೆದ್ದ ಜಾಗ ಅದು.

"ಏನಾಗೇತ್ರಿ, ಎಲ್ಲಾರೂ ಕೂಡೀರಿ?" ಎಂದಳು.

ತಾಯವ್ವ ಸೆರಗಿನಿಂದ ಹಂಡೆ ಮುಚ್ಚಲು ಹೋದಳು, ಸೆರಗು ಸಾಲಲಿಲ್ಲ. ಸತ್ಯವ್ವ ಬಗ್ಗಿ, ಅಕ್ಷರಕ್ಕೊಂದು ಬೆರಳಿಟ್ಟು ಓದಿದಳು. ಸಾಲಿಯಲ್ಲಿ ಮೂರನೇ ತರಗತಿವರೆಗೆ ಕಲಿತವಳು. ‘ಹೊರಗೆ ಒಯ್ಯಬಾರದು’ ಎಂಬಲ್ಲಿಗೆ ಬೆರಳು ನಿಂತಿತು. ಪಕ್ಕದ ಕೊಡ ನೋಡಿದಳು. ಗಂಗಾಳ ನೋಡಿದಳು. ಎಲ್ಲದರ ಮೇಲೂ ಅದೇ. ಅವಳ ಮುಖ ಬಿಳಿಚಿತು. ಮುಗಿಯಿತು, ಎಂದುಕೊಂಡ ಪರಮಾನಂದ.

"ಇದನ್ನ ಯಾವಾಗ ಬರಸಿದ್ರಿ?" ಎಂದಳು.

"ಹ್ವಾದ ವಾರರಿ."

"ಯಾಕ ಬರಸಿದ್ರಿ?"

ಸುಳ್ಳು ಹೇಳುವ ಶಕ್ತಿಯೂ ಪರಮಾನಂದನಲ್ಲಿ ಉಳಿದಿರಲಿಲ್ಲ. "ಒಂದು ತಂಬಿಗಿ ಕಳದಿತ್ರಿ. ಹೊಳಿ ಬಂದ ವರ್ಷ. ಇಪ್ಪತ್ನಾಲ್ಕು ಇದ್ವು, ಇಪ್ಪತ್ಮೂರು ಉಳದಾವ. ಮತ್ತ ಕಳೀಬಾರದಂತ..."

ಸತ್ಯವ್ವ ನಿಂತಲ್ಲೇ ಕುಸಿದಳು. ತಾಯವ್ವನ ಪಕ್ಕದಲ್ಲೇ, ನೆಲದ ಮೇಲೆ. ಇಬ್ಬರು ಬೀಗತಿಯರೂ ಮುಖ ಸಣ್ಣದು ಮಾಡಿಕೊಂಡು ಕೂತಿದ್ದನ್ನು ನೋಡಿ ಜನಕ್ಕೆ ಏನೂ ಅರ್ಥವಾಗಲಿಲ್ಲ. ಸತ್ಯವ್ವ ಮಡಿಲಲ್ಲಿದ್ದ ಸೀರೆ ಚೀಲಕ್ಕೆ ಕೈಹಾಕಿ, ಹಳೆಯ ಪಂಚೆಯಲ್ಲಿ ಸುತ್ತಿದ ಏನನ್ನೋ ತೆಗೆದು ಹಂಡೆಯ ಪಕ್ಕ ಇಟ್ಟಳು. ಬಟ್ಟೆ ಬಿಚ್ಚಿದಳು. ಹಿತ್ತಾಳೆ ತಂಬಿಗೆ.

"ಇದಕ್ಕಾಗಿ ಊರು ಕೂಡಸಬೇಕಾಗಿತ್ತೇನ್ರಿ?" ಎಂದಳು. "ಒಂದು ಮಾತು ಹೇಳಿ ಕಳಿಸಿದ್ರ ನಾನs ತಂದು ಕೊಡತಿದ್ನಿ. ಇಷ್ಟು ಭಾಂಡೇದ ಮ್ಯಾಲ ಬರಸಿ ನನಗ ತೋರಸಬೇಕಾಗಿತ್ತೇನು?"

"ಅವ್ವಾ," ಎಂದ ಹಣಮಂತ. ಅವನಿಗೂ ಗೊತ್ತಿರಲಿಲ್ಲ.

"ಹೌದಪಾ, ನಾನs ಒಯ್ದಿದ್ನಿ. ಹೊಳಿ ಇಳದ ಮ್ಯಾಲ ಊರಿಗೆ ಹೊಂಟಾಗ. ಮನ್ಯಾಗ ಏನೂ ಉಳದಿಲ್ಲ ಅಂತ ಮೊದಲs ಗೊತ್ತಿತ್ತು. ನೀರು ಕುಡ್ಯಾಕರ ಒಂದು ಬೇಕಲ್ಲ ಅಂತ ಸೆರಗಿನ್ಯಾಗ ಇಟಗೊಂಡ್ನಿ. ಹೋಗಿ ನೋಡಿದ್ರ ಮನೀನ ಇಲ್ಲ, ಬರೇ ಕೆಸರು. ಎರಡು ತಿಂಗಳು ಅನ್ನಾನೂ ಇದರಾಗs ಮಾಡೇವಿ, ಚಹಾನೂ ಇದರಾಗs ಮಾಡೇವಿ. ಆಮ್ಯಾಲ ಕೊಡಬೇಕಂದ್ರ ನಾಚಿಕಿ. ಈ ಮನಿ ಹೆಣ್ಣು ತರೂವಾಗ ಇದು ನನ್ನ ಮನ್ಯಾಗ ಇರಬಾರದಂತ, ಇವತ್ತ ಯಾರಿಗೂ ಕಾಣದಂಗ ಇಟ್ಟು ಹೋಗ್ಬೇಕಂತ ಬಂದಿದ್ನಿ." ತಾಯವ್ವನ ಕಡೆ ತಿರುಗಿದಳು. "ಕಳ್ಳರ ಮನಿಗೆ ಹೆಣ್ಣು ಕೊಡೂದುಲ್ಲ ಅಂದ್ರ ನಾ ಏನೂ ಅನ್ನೂದುಲ್ಲ ಬೀಗತಿ. ನಿಮ್ಮ ಮಾತು ಖರೆ ಐತಿ."

ತಾಯವ್ವ ಸೆರಗನ್ನು ಹಂಡೆಯಿಂದ ಹಿಂದಕ್ಕೆ ಎಳೆದುಕೊಂಡಳು.

"ಯಾರು ಕಳ್ಳರು?" ಎಂದಳು ತಾಯವ್ವ. "ನೀವು ನಮ್ಮನ್ನ ಕಳ್ಳರಂತೀರಿ ಅಂತ ನಾ ಇಲ್ಲಿ ಜೀವಾ ಕೈಯಾಗ ಹಿಡದು ಕುಂತೇನಿ."

"ನಿಮ್ಮನ್ನ ಯಾಕ?"

"ಈ ಭಾಂಡೆ ನನ್ನ ಮಗಳವು."

ಸತ್ಯವ್ವ ಮತ್ತೊಮ್ಮೆ ಹಂಡೆಯ ಕಡೆ ಬೆರಳು ಒಯ್ದು, ಮೊದಲ ಸಲ ಓದದೇ ಬಿಟ್ಟಿದ್ದ ಕೊನೆಯ ಎರಡು ಶಬ್ದ ಓದಿದಳು. ಆಮೇಲೆ ನಡೆದದ್ದನ್ನು ಪರಮಾನಂದ ಇನ್ನೊಮ್ಮೆ ಹೇಳಬೇಕಾಯಿತು. ಗುಪ್ತದಾನದ ಭಾಗಕ್ಕೆ ಬಂದಾಗ ಸತ್ಯವ್ವನ ತುಟಿ ಕೊಂಕಿತು, ಸೋಸಣಿಗೆಯ ಭಾಗಕ್ಕೆ ಬಂದಾಗ ತಾಯವ್ವನಿಗೂ ತಡೆಯಲಾಗಲಿಲ್ಲ. ಇಬ್ಬರೂ ಒಬ್ಬರ ತೊಡೆ ಒಬ್ಬರು ಬಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಅದರಲ್ಲಿ ಸ್ವಲ್ಪ ಅಳುವೂ ಇತ್ತು.

"ನನಗ ಇವs ಭಾಂಡೆ ಬೇಕು," ಎಂದಳು ಸತ್ಯವ್ವ ಕಣ್ಣೊರೆಸಿಕೊಂಡು. "ಹೊಳಿ ಹೊರಗ ಹಾಕಿದಾಗ ಒಳಗ ಕರದ ಮನಿ ಹೆಸರೈತಿ ಇದರ ಮ್ಯಾಲ. ಆದ್ರ ಒಯ್ಯಬಾರದು ಅಂತ ಐತಲ್ಲ, ಅದೊಂದು ನೋಡ್ರಿ."

ಸಾಬಣ್ಣ ಆಗಲೇ ಮಷೀನಿನ ವಾಯರು ಸಿಕ್ಕಿಸಿದ್ದ. ಉಳಿದ ಅರವತ್ತಕ್ಕೂ ‘ಅಂಜನಾ ಒಯ್ಯಬಹುದು’ ಬೀಳತೊಡಗಿತು. ಸೋದರ ಮಾವನ ಹೆಸರೂ ಬರಬೇಕು ಎಂದು ಶಿವಯೋಗೆಪ್ಪ ಹಟ ಹಿಡಿದ. ಜಾಗವಿಲ್ಲದ ಕಡೆ ತಳಕ್ಕೆ ಹಾಕುವುದೆಂದು ತೀರ್ಮಾನವಾಯಿತು. ವಾಟಗಗಳು ಪಂಚಾಯತಿಯ ನೋಟೀಸ್ ಬೋರ್ಡಿನಂತೆ ತುಂಬಿಹೋದವು.

ಪರಮಾನಂದ ತಂಬಿಗೆಯನ್ನು ಎತ್ತಿಕೊಂಡು ಹೋಗಿ ಇಪ್ಪತ್ಮೂರರ ಸಾಲಿನ ಕೊನೆಗೆ ಇಟ್ಟ. ಇಪ್ಪತ್ನಾಲ್ಕು. ಎಷ್ಟೋ ದಿನದಿಂದ ಬೇಡಿಕೊಂಡ ಲೆಕ್ಕ ಕಡೆಗೂ ಕೂಡಿತ್ತು. ಯಾಕೋ ಸಮಾಧಾನವಾಗಲಿಲ್ಲ. ಉಳಿದ ಇಪ್ಪತ್ಮೂರೂ ಧೂಳು ಹಿಡಿದು ಕಪ್ಪಾಗಿದ್ದವು. ಇದೊಂದು ಮಾತ್ರ ದಿನಾ ಬೆಳಗಿದ ಗುರುತಾಗಿ ತೆಳ್ಳಗಾಗಿ, ಮೆತ್ತಗೆ ಹೊಳೆಯುತ್ತಿತ್ತು.

ಸಂಜೆಯ ಹೊತ್ತಿಗೆ ಮುಧೋಳದಿಂದ ಫೋನು ಬಂತು. ಕಣ್ಣಿನ ಪಟ್ಟಿ ಬಿಚ್ಚಿದ್ದರು.

"ಏನೋ ಪರಮಾನಂದ, ಹಾಲ್ ಮಾರಾಕತ್ತಾರಂತ? ಟವರ್ ಏರಸ್ತಾರಂತ?" ಎಂದರು ಸಾತಪ್ಪ ಕಾಕಾ. ಸುದ್ದಿ ಬಸ್ಸಿಗಿಂತ ಮೊದಲು ಮುಧೋಳ ಮುಟ್ಟಿತ್ತು.

"ಏನಿಲ್ರಿ ಕಾಕಾ. ಎಲ್ಲಾ ಸರಿ ಆತು. ನೀವು ಕಳದಿದ್ದ ತಂಬಿಗೀನೂ ಸಿಕ್ತು."

"ನಾ ಯಾವ ತಂಬಿಗಿ ಕಳದೇನಪಾ?"

"ಇಪ್ಪತ್ನಾಲ್ಕನೇದು."

"ಅಯ್ಯ, ಸತ್ಯವ್ವನ ಮನ್ಯಾಗಿದ್ದದ್ದು? ಅದನ್ಯಾಕ ಇಸಗೊಂಡ್ಯೋ?"

"ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿಲ್ಲದs ಏನು? ಟ್ರ್ಯಾಕ್ಟರ್ ಏರೂವಾಗ ಸೆರಗಿನ್ಯಾಗ ಎದ್ದು ಕಾಣಾಕತ್ತಿತ್ತು. ನಾನs ಕೈ ಹಿಡದು ಹತ್ತಿಸೇನಿ. ಕಳದೈತಿ ಅಂತ ಎಲ್ಲಿ ಬರದೇನಿ? ಹೊರಗೈತಿ ಅಂತ ಬರದೇನಿ. ಭಾಂಡೆ ಹೊರಗಿದ್ರ ಕಳದಂಗೇನು?"

ಪರಮಾನಂದ ಫೋನು ಇಟ್ಟ. ಆಮೇಲೆ ಕೋಣೆಗೆ ಹೋಗಿ ಆ ತಂಬಿಗೆಯನ್ನು ಎತ್ತಿಕೊಂಡು ಬಂದು, ಹೊರಡಲು ಎದ್ದಿದ್ದ ಸತ್ಯವ್ವನ ಮುಂದೆ ಹಿಡಿದ.

"ಇಟಗೋರಿ ಅಕ್ಕಾರ. ಅಂಜನಾನ ಭಾಂಡೇದ ಜೋಡಿ ಇರ್ಲಿ. ನಿಮ್ಮ ಮನಿ ಹಾದಿ ಇದಕ್ಕ ಗೊತ್ತೈತಿ."

"ಹೆಸರು ಹಾಕ್ಲಿ ಏನ್ರಿ ಇದಕ್ಕ?" ಎಂದು ಸಾಬಣ್ಣ ಮಷೀನು ಎತ್ತಿದ.

"ಬ್ಯಾಡ," ಎಂದರು ಪರಮಾನಂದ, ತಾಯವ್ವ, ಸತ್ಯವ್ವ ಮೂವರೂ.

ಗುರುವಾರ ಮದುವೆ ಆಯಿತು. ಭಾಂಡೆಗಳನ್ನು ಮಂಟಪದ ಮುಂದೆ ಸಾಲಾಗಿ ಜೋಡಿಸಿದ್ದರು, ಊರ ಜನ ವಧೂವರರಿಗಿಂತ ಹೆಚ್ಚು ಹೊತ್ತು ಅವುಗಳ ಮುಂದೆ ನಿಂತು ಓದಿದರು. ಮರುದಿನ ಪರಮಾನಂದ ಮೇಲಿನ ಕಮಿಟಿಗೆ ಪಟ್ಟಿ ಬರೆಯಲು ಕೂತ. ಹಂಡೆ ಎರಡು, ಒಂದು ಭಜನೆಯವರ ಮನೆಯಲ್ಲಿ. ಪರಾತ ನಾಲ್ಕು, ಮೂರು ಹೊಲಿಗೆಯವರ ಕಡೆ. ಜಮಖಾನೆ ಒಂದು, ಅಂಗನವಾಡಿ ಕೂಸುಗಳ ಕೆಳಗೆ. ಬರೆಯುತ್ತ ಹೋದಂತೆ ಒಳಗಿನದಕ್ಕಿಂತ ಹೊರಗಿನದೇ ಹೆಚ್ಚಾಯಿತು. ತಂಬಿಗೆಯ ಸಾಲಿಗೆ ಬಂದಾಗ ಸಾತಪ್ಪ ಕಾಕಾನ ಕಿಸೆಪುಸ್ತಕ ತೆಗೆದು, ನೋಡಿಕೊಂಡು, ಒಂದಕ್ಷರವೂ ತಪ್ಪದಂತೆ ನಕಲು ಮಾಡಿದ. ಒಳಗೆ ಇಪ್ಪತ್ಮೂರು, ಹೊರಗೆ ಒಂದು.